ಬಾಗಿಲಿಗೆ ಮುಳ್ಳು ಹಾಕಿದ ಮನೆ

ಬಳ್ಳಿಗಾವಿ
೧೪ ಜೂನ್ ೨೦೨೫, ಶನಿವಾರ

ಚಿ|| ಸೌ|| ಗಂಗಾಶ್ರೀಗೆ,

ನಿನ್ನ ಸೋದರಮಾವ ಮಹೇಶ್ವರಪ್ಪ ಮನಸಾರೆ ಹರಸಿ ಬರೆಯುವುದು. ನಾನು, ನಮ್ಮ ಮನೆಯ ಯಜಮಾನಿ ನೀಲಾಂಬಿಕ ಇಬ್ಬರೂ ಗಟ್ಟಿಯಾಗಿದ್ದೇವೆ. ನೀನು ಒಪ್ಪಿಸಿದ ಕೆಲಸ ಮುಗಿದು ವಾರವಾಗುತ್ತ ಬಂತು, ತಡವಾಯಿತು, ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕುಬಟೂರಿಗೆ ಫೋನು ಮಾಡಿದರೆ ನಿನ್ನಮ್ಮ ವರದಮ್ಮ ಸ್ಪೀಕರ್ ಹಾಕುತ್ತಾಳೆ, ಆಮೇಲೆ ಅದು ಮನೆಮಾತಲ್ಲ, ಊರ ಮಾತು. ನನ್ನ ತಂಗಿ ನನಗೆ ಗೊತ್ತಿಲ್ಲವೇ! ಅದಕ್ಕೇ ಕಾಗದ, ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಾದರೂ ಶಾಲೆಯ ಬೋರ್ಡಿನ ಮೇಲೆ ಬರೆಯಲು ಮೇಷ್ಟ್ರು ಕರೆಯುತ್ತಿದ್ದದ್ದು ನನ್ನನ್ನೇ. ಅಕ್ಷರ ನೋಡು, ಇವತ್ತಿಗೂ ಹಾಗೇ ಇದೆ.

ನಿನ್ನ ಅತ್ತೆ ರಾಜೇಶ್ವರಮ್ಮ ತೀರಿಕೊಂಡಾಗ ಅಯ್ಯನವರು ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಿ ಎಂದರು. ಶಿಕಾರಿಪುರದ ಆ ಮನೆಯ ಬಾಗಿಲಿಗೆ ಮುಳ್ಳು ಬಿತ್ತು. ನಿನ್ನ ಗಂಡ ರೇಣುಕಾಪ್ರಸಾದ್ ತನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಚಾಪೆ ಹಾಸಿಕೊಂಡ, ನೀನು ತವರಿಗೆ ಬಂದೆ. ನೋಡಿದವರು ಶಾಸ್ತ್ರ ಎಂದುಕೊಂಡರು. ನೀವಿಬ್ಬರೂ ಅದಕ್ಕೂ ಮೊದಲೇ ಮಾತು ಬಿಟ್ಟವರು ಎಂದು ಅವರಿಗೇನು ಗೊತ್ತು?

ಬರುವ ಸೋಮವಾರ ಮುಳ್ಳು ತೆಗೆಯುವ ದಿನ. ಅಷ್ಟರಲ್ಲಿ ಪಕ್ಕದ ಮನೆಯ ನಿರ್ಮಲಮ್ಮ ನಿನಗೆ ಫೋನು ಮಾಡಿ, "ಮಧ್ಯಾಹ್ನ ಆದ್ರೆ ಸಾಕು ಗಂಗಾ, ಬೀಗ ಹಾಕಿದ ಮನಿಯಾಗೆ ನಿಮ್ಮತ್ತಿ ಲೋಟ ಬಡೀತಾರೆ" ಅಂದಳು. ಹಾಸಿಗೆ ಹಿಡಿದ ಮೇಲೆ ಅವರು ಯಾರನ್ನಾದರೂ ಕರೆಯಬೇಕಾದರೆ ಹಿತ್ತಾಳೆ ಲೋಟಕ್ಕೆ ಚಮಚ ಬಡಿಯುತ್ತಿದ್ದರಲ್ಲ, ಅದೇ ಸದ್ದಂತೆ. ನೀನು ನನ್ನೆದುರು ಖಂಡಿತವಾಗಿ ಹೇಳಿಬಿಟ್ಟೆ: "ದೆವ್ವ ಇರೋ ಮನೆಗೆ ನಾ ಕಾಲಿಡಲ್ಲ ಮಾವ, ಬೇಕಾದ್ರೆ ನೀವೇ ಹೋಗಿ ನೋಡಿ ಬನ್ನಿ. ಅವರ ದಾರಿ ಅವರಿಗೆ, ನನ್ನ ದಾರಿ ನನಗೆ." ಅವತ್ತೇ ಊಟದ ನಡುವೆ ನಿನ್ನಪ್ಪನ ಚಮಚ ತಟ್ಟೆಗೆ ತಗುಲಿದ್ದಕ್ಕೆ ನೀನು "ಬಂದೆ" ಎಂದು ಎದ್ದು ನಿಂತೆ. "ಯಾರು ಕರೆದ್ರೇ ನಿನ್ನ?" ಎಂದು ನಾನು ನಕ್ಕೆ. ನೀನು ನಗಲಿಲ್ಲ.

ಸರಿ, ಕೆರೆ ಏರಿಯ ಮೇಲೆ ಬ್ರಹ್ಮರಾಕ್ಷಸನಿಗೇ ಬೀಡಿ ಹಚ್ಚಿಕೊಟ್ಟು ಬಂದವನು ನಾನು, ಒಂದು ಮುದುಕಿಯ ದೆವ್ವಕ್ಕೆ ಹೆದರುತ್ತೇನೆಯೇ? ಊಟ ಮುಗಿಸಿ ಬಸ್ಸು ಹತ್ತಿದೆ. ಜೇಬಿನಲ್ಲಿ ಎರಡು ನಿಂಬೆಹಣ್ಣು. ಮುಂಬಾಗಿಲ ಮುಳ್ಳು ಹಾಕಿದಂತೆಯೇ ಇತ್ತು. ಹಿತ್ತಿಲಿಗೆ ಹೋದೆ. ಅಲ್ಲಿಯ ಚಿಲಕ ಮಾತ್ರ ದಿನಾ ಕೈಯಾಡಿದಂತೆ ಹೊಳೆಯುತ್ತಿತ್ತು. ತಳ್ಳಿದೆ, ತೆರೆಯಿತು.

ಒಳಗೆ ಮಿಕ್ಸಿ ತಿರುಗುತ್ತಿತ್ತು ಗಂಗಾ! ಅಡುಗೆಮನೆಯಲ್ಲಿ ನರಪಿಳ್ಳೆಯಿಲ್ಲ, ಮಿಕ್ಸಿ ತನ್ನ ಪಾಡಿಗೆ ತಾನು ಗರಗರ ಎನ್ನುತ್ತಿದೆ. ನಾನು ಹೆದರಿದೆನೆಂದು ತಿಳಿಯಬೇಡ. ಪಂಚೆ ಹಳೆಯದು, ತಾನಾಗಿಯೇ ಸಡಿಲವಾಯಿತು. ಅಷ್ಟರಲ್ಲಿ ಕೋಣೆಯಿಂದ ಟಣ್ ಟಣ್ ಟಣ್. ನಿಂಬೆಹಣ್ಣು ಎಸೆದೆ. ಅದು ಹೋಗಿ ಬಿದ್ದದ್ದು ನಿನ್ನ ಗಂಡನ ಎದೆಗೆ.

ಅಮ್ಮನ ಮಂಚದ ಮೇಲೆ ಕೂತಿದ್ದ, ಕೈಯಲ್ಲಿ ಲೋಟ, ಚಮಚ. ಗಡ್ಡ ಬಿಟ್ಟಿದ್ದಾನೆ. ಬೆಚ್ಚಲೂ ಇಲ್ಲ, ನಾಚಲೂ ಇಲ್ಲ.

"ಮಾವ, ನೀವು ಬಂದಿದ್ದು ಒಳ್ಳೇದಾತು. ಒಬ್ಬನೇ ಎಲ್ಡೂ ಕಡಿ ಇರಾಕೆ ಆಗಲ್ಲ ನೋಡ್ರಿ. ನೀವು ಅಡಿಗಿಮನಿಯಾಗೆ ನಿಂತ್ಕಳ್ರಿ. ನಾ ಇಲ್ಲಿಂದ ಬಡೀತೀನಿ. ಕೇಳ್ತತೋ ಇಲ್ವೋ ಹೇಳ್ರಿ."

"ತಲಿ ಕೆಟ್ಟೈತೇನೋ ನಿಂಗೆ?"

"ಅಮ್ಮ ತೀರ್ಕಂಡ ದಿನ ಗಂಗಾ ಚಟ್ನಿಗೆ ಹಾಕಿದ್ಲು. ನಾನೂ ಅಷ್ಟೇ ಕಾಯಿ ಹಾಕೀನಿ. ನಿಂತ್ಕಳ್ರಿ ಮಾವ, ನಿಮ್ಗೆ ಕೈ ಮುಗೀತೀನಿ."

ನಿಂತೆ. ಮಿಕ್ಸಿಯ ಮುಂದೆ, ನೀನು ನಿಲ್ಲುತ್ತಿದ್ದ ಜಾಗದಲ್ಲೇ. ಅವನು ಬಡಿದ. ಆಮೇಲೆ ಬಂದು ನನ್ನ ಮುಖ ನೋಡಿದ. "ಏನೂ ಕೇಳಲ್ಲ ಬಿಡೋ," ಅಂದೆ, "ಈ ಗಲಾಟೆಯಾಗೆ ಪಕ್ಕದಾಗೆ ಸಿಡಿಲು ಬಿದ್ರೂ ಕೇಳಲ್ಲ."

ಆದ್ದರಿಂದ ನನ್ನ ತೀರ್ಮಾನ: ಮನೆಯಲ್ಲಿ ದೆವ್ವವಿಲ್ಲ. ರಾಜೇಶ್ವರಮ್ಮ ಕರೆದದ್ದು ನಿನಗೆ ಕೇಳಿಸಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ. ಅಳಿಯಂದಿರಿಗೆ ಸಮಾಧಾನವಾಗಿದೆ. ಸೋಮವಾರ ಬಾ, ಹಾಲು ಉಕ್ಕಿಸು. ನಿರ್ಮಲಮ್ಮನ ಬಾಯಿಗೆ ನಾನು ಬೀಗ ಹಾಕುತ್ತೇನೆ. ನಿಮ್ಮಿಬ್ಬರ ಬಾಳು ತಂಪಾಗಿರಲಿ, ಆ ಮನೆಯಲ್ಲಿ ದೀಪ ಉರಿಯಲಿ.

ಇಂತು ನಿನ್ನ ಮಾವ,
ಮಹೇಶ್ವರಪ್ಪ

ವಿ.ಸೂ.: ನಿನ್ನಮ್ಮ ಓದಬೇಕೆಂದು ಹಟ ಹಿಡಿದರೆ ಮೊದಲ ಹಾಳೆ ಕೊಡು. ಈ ಹಾಳೆ ನಿನಗೊಬ್ಬಳಿಗೆ.

ಕೇಳುತ್ತದೆ ಮಗಳೇ. ಮಿಕ್ಸಿ ಎಷ್ಟೇ ಅರಚಿದರೂ ಆ ಸದ್ದು ಅದರೊಳಗಿಂದ ತೂರಿಕೊಂಡು ಬರುತ್ತದೆ. ನಾನು ಸುಳ್ಳು ಹೇಳಿದೆ. ಹೇಳಿದರೆ ಅವನಿಗೆ ಹಗುರಾಗುತ್ತದೆ ಎಂದುಕೊಂಡೆ. ಅವನು ಅಲ್ಲೇ ನೆಲಕ್ಕೆ ಕುಸಿದ. "ಹಂಗಾದ್ರೆ ನಂಗೊಬ್ಬನಿಗೇ ಕೇಳಿದ್ದು," ಅಂದ. "ಪಡಸಾಲೆಯಾಗೇ ಕುಂತಿದ್ದೆ ಮಾವ. ಈ ಸಲ ಗಂಗಾನೇ ಹೋಗ್ಲಿ, ನಾ ಎದ್ರೆ ನಾ ಸೋತಂಗೆ ಅಂತ ಕುಂತಿದ್ದೆ. ಬಡಿಯೋದು ನಿಂತ್ಮೇಲೆ, ಅವಳೇ ಹೋದ್ಲು ಅಂದ್ಕಂಡೆ."

ಮಿಕ್ಸಿಯ ಮುಂದೆ ನೀನೂ ಅದನ್ನೇ ಅಂದುಕೊಂಡಿದ್ದೆ, ಅಲ್ಲವೇ? ನೀನು ಹೇಳಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಚಮಚದ ಸದ್ದಿಗೆ "ಬಂದೆ" ಎಂದು ಎದ್ದವಳು ನೀನು. ನಾನು ದೆವ್ವ ಬಿಡಿಸುತ್ತೇನೆಂದು ಹೋಗಿ, ಆ ಸದ್ದಿನ ಜೊತೆ ಅವನೊಬ್ಬನನ್ನೇ ಕೂಡಿಹಾಕಿ ಬಂದಿದ್ದೇನೆ. ಈಗ ನಾನು ಸತ್ಯ ಹೇಳಿದರೂ ಅವನು ನಂಬುವುದಿಲ್ಲ, ಮಾವನ ಮಾತು ಯಾವತ್ತೂ ಹಾಗೇ ಎನ್ನುತ್ತಾನೆ. ನಂಬಿದರೆ ನಿನ್ನ ಬಾಯಿಂದ ಬಂದದ್ದನ್ನು ಮಾತ್ರ. ಸಂಸಾರ ಮಾಡಲು ಬಾ ಎಂದು ನಾನು ಹೇಳುವುದಿಲ್ಲ. ನಿನಗೂ ಕೇಳಿತ್ತೆಂಬ ಆ ಒಂದು ಮಾತು ಹೇಳಲು ಬಾ. ಆಮೇಲೆ ಕುಬಟೂರಿಗೆ ಹೊರಡುವುದಾದರೆ ನಾನೇ ಬಸ್ಸು ಹತ್ತಿಸುತ್ತೇನೆ.

ಲೋಟವನ್ನು ಅವನ ಕೈಯಿಂದ ಕಿತ್ತು ನಮ್ಮ ಮನೆಗೆ ತಂದಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೀಲಾಂಬಿಕ ತಿಳಿಯದೆ ಅದಕ್ಕೆ ಕಾಫಿ ಬಗ್ಗಿಸಿ, ಸಕ್ಕರೆ ಹಾಕಿ, ಚಮಚ ಆಡಿಸಿದಳು. "ಕೂತ್ಕಳ್ರಿ, ಎಲ್ಲಿಗೆ ಹೊರಟ್ರಿ?" ಎಂದು ಅವಳು ಕೇಳಿದಾಗಲೇ ಗೊತ್ತಾದದ್ದು, ನಾನು ಎದ್ದು ನಿಂತಿದ್ದೆ.