ಕೊಡೆಬಟ್ಟೆಯ ಪಟ

೨ ಜೂನ್ ೧೯೯೨, ಮಸ್ಕಿ

ಮೂರನೇ ಗಾಳಿಪಟ, ಹಲಗೆಯ ಮೇಲೆ ನಿಂತ ನನ್ನನ್ನು ಕೆರೆಯಾಚೆ ಎಳೆದೊಯ್ಯಲು. ಮೊದಲೆರಡು ತಾಡಪಾಲಿನವು, ಎಮ್ಮೆಯ ಹಾಗೆ ಕೆರೆಯಲ್ಲಿ ಬಿದ್ದುಕೊಂಡವು. ಇದು ಕೊಡೆಬಟ್ಟೆಯದು. ಸಿಂಧನೂರು ಬಜಾರಿನಿಂದ ಮೂಟೆಗಟ್ಟಲೆ ಹಳೇ ಕೊಡೆ ತಂದು, ಕಡ್ಡಿ ಕಿತ್ತು, ಬಟ್ಟೆ ಜೋಡಿಸಿ ಹೊಲಿದೆವು. ನಾನು ಮಷೀನಿನಲ್ಲಿ, ಗಂಡ ಕನಕರಾಯ ಕೈಯಲ್ಲಿ. ಅಂಗಡಿಯ ಕೆಲಸ ಮೂಲೆಗೆ. ತಾಡಪಾಲು ಹೊಲಿಯಲು ಕೊಟ್ಟ ಲಾರಿಯವರು ಬಂದು ಬೈದು ಹೋದರು.

ಹಲಗೆಯೂ ಹೊಸದು. ದಢೇಸುಗೂರಿನದು, ಗದ್ದೆ ಸಮ ಮಾಡುವ ಹಲಗೆ. ಮೂತಿ ಕೆತ್ತಿ ಮೇಲಕ್ಕೆ ಬಾಗಿಸಿದ್ದಾನೆ. ಪಾದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ, ಕೈಗೆ, ಪಟದ ಒಂದು ಹಗ್ಗ ಕಟ್ಟಿದ ಸೈಕಲ್ ಹ್ಯಾಂಡಲ್. ಪಟದ ಇನ್ನೊಂದು ಹಗ್ಗ ದಂಡೆಯ ಮೇಲೆ ಅವನ ಕೈಯಲ್ಲಿ. ನಾನು ‘ಢೀಲ್’ ಅಂದರೆ ಸ್ವಲ್ಪ ಸಡಿಲಿಸಬೇಕು. ‘ಬಿಡು’ ಅಂದರೆ ಪೂರ್ತಿ ಕೈಬಿಡಬೇಕು. ಪಟ ಸತ್ತು ನೀರಿಗೆ ಬೀಳುತ್ತದೆ.

ಸಣ್ಣ ಗಾಳಿ. ನಿಂತೆ! ನಾಲ್ಕು ಮಾರು ಹೋದೆ. ಆಮೇಲೆ ಒಂದು ಬೀಸು... ಮುಖ ಅಡಿಯಾಗಿ ಎಳೆದುಕೊಂಡು ಹೋಯಿತು. ಮೂಗಿನಲ್ಲಿ ರಕ್ತ. ನಗು ಬಂತು. ಹೈಸ್ಕೂಲಿನ ಖೋಖೋ ಬಿಟ್ಟ ಮೇಲೆ ಈ ಮೈಗೆ ಜೀವ ಬಂದದ್ದು ಇವತ್ತೇ. ನಿಂತುಕೊಂಡೇ ಆಚೆ ದಡದ ಜಾಲಿಗಿಡ ಮುಟ್ಟಬೇಕು. ಒಂದೇ ಒಂದು ಸಲ.

೬ ಜೂನ್

ಮಳೆಯ ಮುಂಚಿನ ಸುತ್ತುಗಾಳಿ. ಹಾರಿಸಬಾರದಿತ್ತು. ಹಾರಿಸಿದೆವು. ಪಟ ಗಿರಕಿ ಹೊಡೆದು ದಂಡೆಗೇ ಬಡಿಯಿತು. ಪಟದ ಬಿದಿರು ಸಿಗಿದು ಕನಕರಾಯನ ಮೀನಖಂಡದಲ್ಲಿ ಹೊಕ್ಕಿತು. ಹಲ್ಲು ಕಚ್ಚಿ ತಾನೇ ಕಿತ್ತುಕೊಂಡ. ನಾನು ನೋಡಲಾರದೆ ಹಲಗೆ ತೊಳೆಯುತ್ತ ಕುಳಿತೆ.

ಪಟ ಮಾರುವ ಮುದುಕ ಇಮಾಮ್‌ಸಾಬ್ ಬಂದು ಸೂತ್ರ ಬಿಚ್ಚಿ ಬೇರೆ ಕಟ್ಟಿದ. ಇದು ಮಕ್ಕಳ ಪತಂಗ ಅಲ್ಲ, ಮನುಷ್ಯರನ್ನು ತಿನ್ನುವಂಥದ್ದು ಎಂದು ಗೊಣಗಿದ. ಗೊಣಗುತ್ತಲೇ ಗಂಟು ಬಿಗಿದ.

೧೧ ಜೂನ್

ಗೋಪಣ್ಣ ಕೆರೆಗೆ ಬಂದ. ಕನಕರಾಯನ ಅಣ್ಣ. ಗಂಡನ ಪ್ಯಾಂಟು ಹಾಕಿ ಒದ್ದೆ ಮೈಯಲ್ಲಿ ನಿಂತಿದ್ದೆ. ಬಟ್ಟೆ ಒಗೆಯುವವರೆಲ್ಲರ ಎದುರಿಗೆ ಒಂದು ಮಾತು ಅಂದ. ಇಲ್ಲಿ ಬರೆಯುವುದಿಲ್ಲ.

ಹಲಗೆ ಕೈಯಲ್ಲೇ ಇತ್ತು. ಬೀಸಿದೆ. ಬಾಯಿಗೆ ಬಿತ್ತು. ಒಂದು ಹಲ್ಲು ಕೆಸರಿಗೆ ಉದುರಿತು. ಅವನು ನನ್ನ ಹೊಟ್ಟೆಗೆ ಒದ್ದ. ನಡುವೆ ಬಂದ ಕನಕರಾಯನಿಗೆ ಗೂಟದಿಂದ ಬೆನ್ನು ಒಡೆಯುವ ಹಾಗೆ ಹೊಡೆದ. ಮೂವರೂ ಕೆಸರಿನಲ್ಲಿ. ಬಿಡಿಸಿದ್ದು ಇಮಾಮ್‌ಸಾಬ್.

ಪಶ್ಚಾತ್ತಾಪ? ಇಲ್ಲ. ಇನ್ನೊಂದು ಹಲ್ಲು ಉಳಿಯಿತಲ್ಲ ಎಂದು ಬೇಸರ.

೧೫ ಜೂನ್, ಕಾರಹುಣ್ಣಿಮೆ

ಅತ್ತೆ ತಿಮ್ಮವ್ವ ಮಗನಿಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಆಮೇಲೆ ಬಾಯಿ ತೆರೆದಳು. ನನ್ನ ಸ್ವಂತ ಸೋದರತ್ತೆ. ಎತ್ತಿ ಆಡಿಸಿದವಳು.

“ಆಷಾಢಕ್ಕ ಅಕಿನ್ನ ತವರಿಗಿ ಕಳಿಸು. ಮತ್ತ ಕರಕೊಂಡ ಬರಬ್ಯಾಡ. ಬಿಟ್ಟುಬಿಡು.”

ಕನಕರಾಯ ಕೈ ತೊಳೆದುಕೊಂಡ. “ಬಿಡಾಂಗಿಲ್ಲ,” ಅಂದ. ಅಷ್ಟೇ. ಜೋರಾಗಿಯೂ ಅನ್ನಲಿಲ್ಲ.

ಸಣ್ಣಂದಿನಿಂದ ಅವನನ್ನು ‘ನೀ’ ಅಂದು ಬೆಳೆದವಳು. ಇವತ್ತು ಮಾತ್ರ ಕಾಲು ಮುಟ್ಟಬೇಕು ಅನ್ನಿಸಿತು.

೨೨ ಜೂನ್

ನೆಟ್ಟಗಿನ ಗಾಳಿ, ಪಡುವಣದಿಂದ. ಕೆರೆಯ ಕಾಲು ಭಾಗ ನಿಂತೇ ಹೋದೆ. ಹಲಗೆ ನೀರು ಸೀಳುವ ಸದ್ದು... ಹೇಳಲಾರೆ. ಕೈ ಸೋತು ಬಿದ್ದೆ. ಅಂಗೈ ಚರ್ಮ ಹ್ಯಾಂಡಲಿಗೇ ಅಂಟಿಕೊಂಡಿತು. ಇನ್ನು ಹ್ಯಾಂಡಲನ್ನು ಸೊಂಟದ ಬೆಲ್ಟಿಗೆ ಬಿಗಿದುಕೊಳ್ಳಬೇಕು.

ಅತ್ತೆ ಮಾತು ಬಿಟ್ಟಿದ್ದಾಳೆ. ಗೋಪಣ್ಣ ಹಲ್ಲು ಹೋದ ಬಾಯಿ ತೋರಿಸಿ ನನ್ನ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

೧ ಜುಲೈ, ಲಿಂಗಸುಗೂರು, ಆಸ್ಪತ್ರೆ

ಎಡಗೈ ಬರಹ. ಬಲ ಭುಜ ಕೀಲು ತಪ್ಪಿದೆ. ಕಟ್ಟಿದ್ದಾರೆ.

ಶನಿವಾರ ಬೆಳಿಗ್ಗೆ ಜಗಳ. ಅತ್ತೆಯ ಮೇಲಿನ ಸಿಟ್ಟು ಗಂಡನ ಮೇಲೆ ತೀರಿಸಿಕೊಂಡೆ. ನನ್ನನ್ನು ಬಿಟ್ಟುಬಿಡು, ನಿಮ್ಮವ್ವನ ಹೊಟ್ಟೆ ತಣ್ಣಗಾಗಲಿ ಎಂದೆ. ಬಾಯಿಗೆ ಬಂದದ್ದು. ಹಾಗೇ ಇಬ್ಬರೂ ತುಟಿ ಬಿಚ್ಚದೆ ಕೆರೆಗೆ ಹೋದೆವು. ತಗಡು ಹಾರಿಸುವ ಗಾಳಿ. ಇವತ್ತು ಬೇಡ ಅಂತ ಇಬ್ಬರಲ್ಲಿ ಒಬ್ಬರು ಅನ್ನಬೇಕಿತ್ತು. ಮಾತೇ ಇರಲಿಲ್ಲವಲ್ಲ.

ನಿಂತೆ. ನೀರು ಕಾಲಡಿ ಹರಿದು ಹೋಯಿತು. ಜಾಲಿಗಿಡದ ಎಲೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದೆ ದಂಡೆಯ ಮೇಲೆ ಅವನ ಕೈಯಲ್ಲಿದ್ದ ಹಗ್ಗ ಬಿಗಿಯಿತು. ಪಟ ಮುಂದೆ ಹೋಗಲಾರದೆ ಮೇಲಕ್ಕೆ ಹೋಯಿತು, ನನ್ನನ್ನೂ ಎತ್ತಿಕೊಂಡು. ಹಲಗೆ ಕಳಚಿ ಬಿತ್ತು. ಬೆಲ್ಟಿನ ಗಂಟು ನೆಂದು ಬಿಗಿದಿತ್ತು. ಬೇವಿನ ಮರದೆತ್ತರದಲ್ಲಿ ನೇತಾಡುತ್ತ, ಗಂಟಲು ಹರಿಯುವ ಹಾಗೆ ಕೂಗಿದೆ — ಬಿಡು! ಬಿಡು!

ಅವನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ. ಎತ್ತಿನ ಹಗ್ಗ ಸುತ್ತಿಕೊಳ್ಳುವ ಹಾಗೆ. ಕಣ್ಣಾರೆ ಕಂಡೆ. ಗಾಳಿ ಅವನ ಮಾತನ್ನು ತಂದು ಕಿವಿಗೆ ಹಾಕಿತು.

“ಬಿಡಾಂಗಿಲ್ಲ!”

ಪಟ ವಾಲಿತು. ನೀರಿಗೆ ಅಪ್ಪಳಿಸಿತು ನನ್ನನ್ನು. ಎದ್ದಿತು, ಮತ್ತೆ ಅಪ್ಪಳಿಸಿತು. ಭುಜ ಹೋದದ್ದು ಎರಡನೇ ಸಲ. ಅವನನ್ನು ದಂಡೆಯ ಕಲ್ಲುಗಳ ಮೇಲೆ ದರದರ ಎಳೆಯಿತು. ಹಗ್ಗ ಕಳಚಿಕೊಂಡು ಹೋಗುವಾಗ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಒಯ್ದಿತು. ಬಲಗೈ. ಹೊಲಿಯುವ ಕೈ.

೪ ಜುಲೈ

ಇವತ್ತು ಕೇಳಿಯೇಬಿಟ್ಟೆ. ಯಾಕೆ ಬಿಡಲಿಲ್ಲ? ಗೋಡೆ ನೋಡುತ್ತ ಮಲಗಿದ್ದ.

“ನೀ ಮುಂಜಾನಿ ಅಂದ ಮಾತೇ ಮತ್ತ ಅನ್ನಾಕತ್ತೀದಿ ಅನ್ಕೊಂಡೆ.”

“ಹಗ್ಗ ಅಂದಿದ್ದೆ. ಹಗ್ಗ!”

“ಗಾಳ್ಯಾಗ ಹಗ್ಗ ಅನ್ನೂದು ಕೇಳಲಿಲ್ಲ.”

ನಾನು ಹಗ್ಗ ಅಂದೇ ಇರಲಿಲ್ಲ. ಬರೀ ಬಿಡು ಅಂದಿದ್ದೆ. ಲೋಕದಲ್ಲಿ ಇಷ್ಟೊಂದು ಮಾತಿರುವಾಗ ಹಗ್ಗಕ್ಕೂ ಹೆಂಡತಿಗೂ ಒಂದೇ ಮಾತು ಇಟ್ಟುಕೊಂಡೆವಲ್ಲ, ನಮ್ಮ ಬಾಯಿಗೆ ಮಣ್ಣು ಹಾಕ.

ಅವನಿಗೆ ತುತ್ತು ಮಾಡಿ ಉಣಿಸಿದೆ, ಎಡಗೈಯಿಂದ. ಕೆಟ್ಟ ಕೈ ಅಂತ ಇಬ್ಬರೂ ಅನ್ನಲಿಲ್ಲ.

ಪಟವನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ ಎಂದು ಇಮಾಮ್‌ಸಾಬ್ ಹೇಳಿ ಕಳಿಸಿದ್ದಾನೆ. ಕೇಳಿದ ತಕ್ಷಣ ಮೈ ಝುಂ ಅಂದಿತು. ಅವನ ಡ್ರೆಸ್ಸಿಂಗಿನಿಂದ ರಕ್ತ ಜಿನುಗುತ್ತಿದೆ, ನನಗೆ ಪಟದ ಖುಷಿ. ಇಂಥವಳು ನಾನು.

೯ ಜುಲೈ, ಮಸ್ಕಿ

ಹಿರಿಯರನ್ನು ಕೂಡಿಸಿದರು, ನಮ್ಮ ಅಂಗಳದಲ್ಲಿ. ನಾನು ಒಳಗೇ ಇದ್ದೆ. ಗೋಪಣ್ಣ ಬಂದು, ಕೀಲು ತಪ್ಪಿದ ತೋಳನ್ನೇ ಹಿಡಿದು ಹೊರಗೆಳೆದ. ಕಣ್ಣು ಕಪ್ಪಿಟ್ಟಿತು. ಅವನ ಮಣಿಕಟ್ಟಿಗೆ ಬಾಯಿ ಹಾಕಿದೆ. ಉಪ್ಪು ರಕ್ತ ನಾಲಿಗೆಗೆ ಬರುವ ತನಕ ಬಿಡಲಿಲ್ಲ. ತಲೆಗೂದಲು ಹಿಡಿದು ಕಂಬಕ್ಕೆ ಬಡಿದ. ಹಣೆ ಒಡೆಯಿತು. ಹಿರಿಯರು ನೋಡುತ್ತ ಕುಳಿತಿದ್ದರು. ನಾಯಿ ಹಾಗೆ ಕಚ್ಚುತ್ತಾಳೆ ಎಂದು ಒಬ್ಬರು ನನ್ನ ಮೇಲೇ ತಪ್ಪು ಹೊರಿಸಿದರು.

ಗಂಡನ ಕೈ ತಿಂದವಳು, ನಾಳೆ ತಲೆ ತಿನ್ನುತ್ತಾಳೆ ಎಂದಳು ಅತ್ತೆ. ಹೆಂಡತಿಯನ್ನು ಬಿಟ್ಟೆ ಎಂದು ಸೋಡಚೀಟಿ ಬರೆದುಕೊಡುತ್ತೀಯಾ ಎಂದು ಕನಕರಾಯನನ್ನು ಕೇಳಿದರು.

ಹಣೆಯ ರಕ್ತ ಒರೆಸಿಕೊಂಡು ಸೆಟೆದು ನಿಂತೆ. ಅವನು ಏನನ್ನುತ್ತಾನೆ ಗೊತ್ತಿತ್ತು. ಆ ಒಂದು ಮಾತು ಕೇಳಲು ಇನ್ನೊಂದು ಸಲ ಹಣೆ ಒಡೆಸಿಕೊಳ್ಳಲೂ ತಯಾರಿದ್ದೆ.

ಅವನು ಡ್ರೆಸ್ಸಿಂಗ್ ನೋಡಿಕೊಂಡ. ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ.

ಮೌನ ಅಂದರೆ ಒಪ್ಪಿಗೆ ಎಂದು ಹಿರಿಯರು ಎದ್ದರು. ನಾಳೆ ಬೆಳಗಿನ ಬಸ್ಸಿಗೆ ನಾನು ತವರಿಗೆ, ಮುದಗಲ್‌ಗೆ. ಕಂಬ ಹೊಡೆದದ್ದಕ್ಕಿಂತ ಆ ಮೌನ ಜೋರಾಗಿ ಹೊಡೆಯಿತು. ಅತ್ತುಬಿಟ್ಟೆ, ಸದ್ದು ಮಾಡಿ.

೧೦ ಜುಲೈ, ಬೆಳಿಗ್ಗೆ

ಚೀಲ ಕಟ್ಟಿ ಆಯಿತು. ಹೊರಗೆ ಗಾಳಿ ಎದ್ದಿದೆ, ನೆಟ್ಟಗಿನದು.

ಕನಕರಾಯ ಹೊಸ್ತಿಲ ಮೇಲೆ ಬೆನ್ನು ಮಾಡಿ ಕುಳಿತಿದ್ದಾನೆ. ನಸುಕಿನಿಂದಲೂ ಅಲ್ಲೇ. ಹೋಗು ಅಂದರೆ ಹೋಗುವವಳಲ್ಲ ನಾನು. ಇರು ಅಂದರೆ ಅವನ ಬೆರಳಿನ ಋಣಕ್ಕೆ ಇರುವವಳೂ ಅಲ್ಲ. ಅವನು ನನಗೆ ಬೇಕು. ಬೇಕು ಅಷ್ಟೇ. ಇದನ್ನು ಹೇಳಬೇಕು, ಬಸ್ಸಿಗೆ ಮುಂಚೆ. ಹೇಗೆ ಹೇಳಲಿ... ಬರೆಯುವಷ್ಟು ಸುಲಭ ಅಲ್ಲ.

ಗೋಪಣ್ಣ ಬಂದ. ಏಳು, ದಾರಿ ಬಿಡು, ಚೀಲ ತರುತ್ತೇನೆ ಎನ್ನುತ್ತಿದ್ದಾನೆ. ಕನಕರಾಯ ಏಳಲಿಲ್ಲ. ಗೋಪಣ್ಣ ಎದೆಗೆ ಒದ್ದ. ಈಗ ಎದ್ದ.

ದೇವರೇ. ಕನಕರಾಯನ ಎಡಗೈಯಲ್ಲಿ ಕತ್ತರಿ ಇದೆ. ತಾಡಪಾಲು ಕತ್ತರಿಸುವುದು. ಅಣ್ಣನ ಕುತ್ತಿಗೆಗೆ ಒತ್ತಿ ಹಿಡಿದಿದ್ದಾನೆ

ಬಿಡು ಅಂತ ಕೂಗಬೇಕು. ಕೂಗಿದರೆ ಅವನು ಮತ್ತೆ ನನ್ನನ್ನೇ ಬಿಡು ಅಂದೆ ಅಂದುಕೊಂಡು