ಹೊಸ್ತಿಲ ಕಾವಲು

ಮಾರ್ಚ್ ೧೪, ಗುರುವಾರ

ಆ ನಗು ಇನ್ನೂ ಕಿವಿಯಲ್ಲಿದೆ. ಕನಸಿನ ಬೆನ್ನು ಹತ್ತಿ ಮನೆ ಬಿಡುವ ನಾಯಕನ ಕಾದಂಬರಿ ಪಾಠ ಮಾಡುತ್ತಿದ್ದೆ. ಇಂಥ ಕಥೆಗಳಲ್ಲೆಲ್ಲ ಮೊದಲ ಹೊಸ್ತಿಲಲ್ಲೇ ಒಬ್ಬ ಕಾವಲುಗಾರ ಅಡ್ಡ ನಿಲ್ಲುತ್ತಾನೆ ಎಂದು ಬೋರ್ಡಿನ ಮೇಲೆ ಬಾಗಿಲಿನ ಚಿತ್ರ ಬರೆದು, "ಯಾರಿರಬಹುದು? ರಾಕ್ಷಸನಾ, ರಾಜನಾ?" ಎಂದೆ. ಹಿಂದಿನ ಬೆಂಚಿನಿಂದ ನನ್ನ ಮಗಳೇ, "ಅಮ್ಮನೂ ಆಗಬಹುದು, ಮಿಸ್" ಎಂದಳು. ಕ್ಲಾಸೆಲ್ಲ ನಕ್ಕಿತು. ನಾನೂ ಹಲ್ಲು ಕಿರಿದೆ.

ನಾಟಕದ ತಂಡದ ಜೊತೆ ಹೋಗ್ತೀನಿ ಅಂದವಳಿಗೆ ಭಾನುವಾರ, "ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ" ಅಂದಿದ್ದೆ. ಬಾಯಿಗೆ ಬಂದ ಮಾತು. ನಿಜಕ್ಕೂ ಮುರಿಯುತ್ತಿದ್ದೆನೇ?

ತಂಡದ ಬಸ್ಸು ಸಂಜೆ ಹೊರಟುಹೋಯಿತು. ಅವಳು ಪಾತ್ರೆ ತೊಳೆದಿಟ್ಟು ಮಲಗಿದ್ದಾಳೆ.

ಕಾವಲುಗಾರನನ್ನು ದಾಟಿದವನೇ ನಾಯಕ ಅಂತ ನಾಳೆ ಪಾಠ ಮುಂದುವರಿಸಬೇಕು. ಯಾವ ಬಾಯಲ್ಲಿ ಹೇಳಲಿ? ಇವಳು ನನ್ನ ಮಾತು ಕೇಳಿಬಿಟ್ಟಳು.