ತಿಥಿ ಊಟಕ್ಕೆ ಬಾರದ ಅಣ್ಣ

ಅಂತರ್ಜಾಲ ಅಪರಾಧಗಳನ್ನು ತಡೆಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಮಗಳು ಅರ್ಪಿತಳಿಗೆ ಫೋನಿನಲ್ಲಿ ಬಲೆ ಬೀಸಿದವನ ಮೇಲೆ ದೂರು ಕೊಡಲು ತಮ್ಮ ಕಚೇರಿಗೆ ಬಂದಿದ್ದೆವು. “ಏನಾದರೂ ಆಗಿದೆಯೇ?” ಎಂದು ಕೇಳಿದಿರಿ. ದೇವರ ದಯೆ, ಇನ್ನೂ ಏನೂ ಆಗಿಲ್ಲ ಎಂದೆವು. “ಹಾಗಾದರೆ ಆದ ಮೇಲೆ ಬನ್ನಿ” ಎಂದಿರಿ. ಇಷ್ಟು ಸರಳವಾದ ಕಾರ್ಯವಿಧಾನ ಬೇರೆ ಯಾವ ಇಲಾಖೆಯಲ್ಲಿದೆ ಹೇಳಿ?

ನನ್ನ ಪರಿಚಯ ನಿಮಗಿರಬೇಕು. ಕೆ.ಆರ್.ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ತಮ್ಮ ‘ಸೈಬರ್ ಜಾಗೃತಿ’ ಕಾರ್ಯಕ್ರಮದ ಫ್ಲೆಕ್ಸ್ ಮಾಡಿದವನು ನಾನೇ. ಸಾಹೇಬರ ಮುಖ ದೊಡ್ಡದಾಗಿ ಬರಬೇಕೆಂದು ಸಹಾಯವಾಣಿಯ ನಂಬರನ್ನು ಮೂಲೆಗೆ ತಳ್ಳಿಸಿದ್ದು ನಿಮ್ಮ ಸಿಬ್ಬಂದಿಯೇ. ಮಕ್ಕಳು ಆಪತ್ತಿನಲ್ಲಿ ತಮ್ಮ ನಗುಮುಖ ನೋಡಿಯೇ ಧೈರ್ಯ ತಂದುಕೊಳ್ಳಲಿ ಎಂಬ ಸದುದ್ದೇಶ ಇದ್ದಿರಬಹುದು.

ಕಳೆದ ವರ್ಷ ನನ್ನಕ್ಕ ಬೂಕನಕೆರೆಯಲ್ಲಿ ತೀರಿಕೊಂಡಳು. ನಮ್ಮ ಕಡೆ ರೂಢಿಯಂತೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಫೋಟೊ ಹಾಕಿ, ಕೆಳಗೆ ದುಃಖತಪ್ತರ ಹೆಸರು ಬರೆದು ಫ್ಲೆಕ್ಸ್ ಮಾಡಿಕೊಟ್ಟೆ. ಪಿಯುಸಿ ಓದುವ ಅರ್ಪಿತ ಅದನ್ನೇ ತನ್ನ ಇನ್‌ಸ್ಟಾಗ್ರಾಮಿಗೂ ಹಾಕಿಕೊಂಡಳು. ಇಂಥ ಶ್ರದ್ಧಾಂಜಲಿಗಳನ್ನು ನೀವು ನಾವು ನೋಡಿ ಕೈಮುಗಿದು ಮುಂದೆ ಹೋಗುತ್ತೇವೆ. ಅವುಗಳನ್ನು ಶ್ರದ್ಧೆಯಿಂದ ಓದಿ, ಯಾವ ಮನೆಯಲ್ಲಿ ಯಾವ ಹುಡುಗಿ ತಾಯಿಯಿಲ್ಲದೆ ಕೂತಿದ್ದಾಳೆಂದು ಗುರುತು ಹಾಕಿಕೊಳ್ಳುವವರೂ ಇದ್ದಾರೆ. ನಿಮ್ಮ ಇಲಾಖೆಯಲ್ಲಿ ಅಷ್ಟು ಕರ್ತವ್ಯನಿಷ್ಠೆ ಇದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ.

ಅಂಥವನೊಬ್ಬ ಅರ್ಪಿತಳಿಗೆ ಮೆಸೇಜು ಮಾಡಿ ಕಿಶನ್ ಎಂದು ಹೇಳಿಕೊಂಡ, ‘ತಂಗಿ’ ಎಂದು ಕರೆದ. ಅಮ್ಮನ ಹೆಸರೆತ್ತಿದರೆ ಹುಡುಗಿ ಅಳುತ್ತಾಳೆಂದು ಮನೆಯಲ್ಲಿ ನಾವೆಲ್ಲ ಅಕ್ಕನ ವಿಚಾರವನ್ನೇ ಬಿಟ್ಟಿದ್ದೆವು. ಅವನೊಬ್ಬನೇ ದಿನವೂ ಕೇಳಿದ: ಊಟ ಮಾಡಿದ್ಯಾ, ನಿಮ್ಮಮ್ಮನ ಅಡುಗೇಲಿ ನಿಂಗೆ ಯಾವ್ದು ಇಷ್ಟ? ಅಮ್ಮನ ಬಸ್ಸಾರಿನಿಂದ ಹಿಡಿದು ಆಸ್ಪತ್ರೆಯ ಕೊನೆಯ ದಿನದವರೆಗೆ ಅವಳು ಎಲ್ಲವನ್ನೂ ವಾಯ್ಸ್ ಮೆಸೇಜಿನಲ್ಲಿ ಅಳುತ್ತ ಹೇಳಿಕೊಂಡಳು. ಅದೆಲ್ಲ ಅವನ ಫೋನಿನಲ್ಲಿ ಭದ್ರವಾಗಿ ಸೇರಿತು.

ಅರ್ಪಿತಳ ಅಜ್ಜಿ, ಅವಳ ಅಪ್ಪನ ತಾಯಿ ದೊಡ್ಡತಾಯಮ್ಮನಿಗೆ ಇದು ಗೊತ್ತಾದಾಗ ಆ ಮುದುಕಿ ರೇಗಲಿಲ್ಲ. “ಸತ್ತೋರ್ನ ಇಚಾರ್ಸೋನು ಒಳ್ಳೇನೆ ಇರ್ಬೇಕು ಬುಡವ್ವ. ವರ್ಸದ ತಿಥಿಗೆ ಬಾ ಅನ್ನು, ಎಡೆ ಮುಂದೆ ಕೈ ಮುಗ್ದು ಉಂಡ್ಕೊಂಡು ಓಗ್ಲಿ” ಎಂದಳು. ಮೋಸಗಾರನನ್ನು ತಿಥಿ ಊಟಕ್ಕೆ ಕರೆಯುವ ತಪ್ಪನ್ನು ನಮ್ಮ ಜನ ಬಿಟ್ಟು ಇನ್ಯಾರು ಮಾಡುತ್ತಾರೆ?

ತಿಥಿಯ ದಿನ ಅವನಿಗೊಂದು ಎಲೆ ಹಾಕಿ ಕಾದರು. ಬಂದದ್ದು ಮೆಸೇಜು: ಅಲ್ಲಿ ಜನ ಇರ್ತಾರೆ, ನೀನೇ ಪಾಂಡವಪುರ ರೈಲ್ವೆ ಸ್ಟೇಷನ್ ಹತ್ರ ಒಬ್ಬಳೇ ಬಾ, ಮನೇಲಿ ಹೇಳ್ಬೇಡ. ಅಮ್ಮನ ಎಡೆ ಬಿಟ್ಟು ಬಾ ಎನ್ನುವವನು ಎಂಥ ಅಣ್ಣ ಎಂದು ಹುಡುಗಿಗೆ ಅನ್ನಿಸಿ, ಫೋನನ್ನು ಅಜ್ಜಿಯ ಕೈಗಿಟ್ಟಳು. ಅಜ್ಜಿ ಓದಿಸಿ ಕೇಳಿ, “ಜನ ಕಂಡ್ರೆ ಎದ್ರೋನು ಯಾವ್ ಸೀಮೆ ಅಣ್ಣ ಕಣವ್ವ?” ಎಂದು ಎಲೆ ಎತ್ತಿಸಿದಳು. ಅಂದೇ ಅಣ್ಣನ ಬಣ್ಣ ಬಯಲಾಯಿತು. ಬರದಿದ್ದರೆ ನಿನ್ನ ಫೋಟೊ ತಿರುಚಿ, ನೀನು ಅತ್ತ ಧ್ವನಿಯ ಜೊತೆ ಕಾಲೇಜಿನವರಿಗೆಲ್ಲ ಕಳಿಸುತ್ತೇನೆ ಎಂದ.

ಇದನ್ನು ಹಿಡಿದುಕೊಂಡು ನಿಮ್ಮಲ್ಲಿಗೆ ಬಂದೆವು. ಬೆದರಿಕೆ ತಮ್ಮ ದೃಷ್ಟಿಯಲ್ಲಿ ‘ಆಗುವುದರ’ ಲೆಕ್ಕಕ್ಕೆ ಬರಲಿಲ್ಲ. ಅವನ ನಿಜವಾದ ಹೆಸರು, ವಿಳಾಸ ತನ್ನಿ ಎಂದಿರಿ. ಅದನ್ನೂ ನಾವೇ ಪತ್ತೆ ಮಾಡುವುದಾದರೆ ಕೈಕೋಳವನ್ನೂ ನಮಗೇ ಕೊಟ್ಟುಬಿಡಿ. ಆಮೇಲೆ ಹುಡುಗಿಯ ಕಡೆ ತಿರುಗಿ, ಓದುವ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ, ಅವನ ಜೊತೆ ಯಾಕೆ ಮಾತಾಡಿದೆ ಎಂದು ಗದರಿದಿರಿ. ಅವಳು ನೆಲ ನೋಡುತ್ತ ನಿಂತಿದ್ದಳು. ಊಟ ಮಾಡಿದ್ಯಾ ಎಂದು ಮಾತು ಶುರು ಮಾಡಿದವನ ಮುಂದೆ ತಾವು ಮೊದಲ ಪ್ರಶ್ನೆಯಲ್ಲೇ ಸೋತಿರಿ, ಸ್ವಾಮಿ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, “ಮಾವ, ಇವ್ರಿಗಿಂತ ಅವ್ನೇ ವಾಸಿ ಕಣ್ ಮಾವ. ಬೈತಿರ್ಲಿಲ್ಲ” ಎಂದಳು. ನಾವು ತಿಥಿ ಊಟ ಹಾಕಿ ಬಿಡಿಸಿಕೊಂಡು ಬಂದ ಮಗುವನ್ನು ತಾವು ಅರ್ಧ ಗಂಟೆಯಲ್ಲಿ ಅವನ ಕಡೆಗೇ ತಳ್ಳಿದಿರಿ. ಇದಕ್ಕೆ ಸರ್ಕಾರ ಸಂಬಳ ಬೇರೆ ಕೊಡುತ್ತದೆ!

ಈಗ ಹೊಸ ಸುದ್ದಿ ಕೇಳಿ. ಅರ್ಪಿತಳ ಗೆಳತಿ ಮೇಘನಳ ತಂದೆ ಹೋದ ತಿಂಗಳು ತೀರಿಕೊಂಡರು. ಅವಳೂ ಶ್ರದ್ಧಾಂಜಲಿ ಹಾಕಿಕೊಂಡಳು. ಮೊನ್ನೆ ಬೇರೆ ಹೆಸರಿನಿಂದ ಮೆಸೇಜು ಬಂತು: ಊಟ ಮಾಡಿದ್ಯಾ ತಂಗಿ, ನಿಮ್ಮಪ್ಪ ನಿನ್ನ ಪ್ರೀತಿಯಿಂದ ಏನಂತ ಕರೀತಿದ್ರು? ಅರ್ಪಿತ ಅದನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಮೇಘನ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಅಳಿಸಿಯೂ ಇಲ್ಲ, ಮತ್ತೆ ಮತ್ತೆ ತೆಗೆದು ನೋಡುತ್ತಾಳಂತೆ.

ಸೋಮವಾರ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಬರುತ್ತೇನೆ. ಕುರ್ಚಿ ಕೊಟ್ಟು ಕೂರಿಸಿ. ಬೈಯದೆ ಕೇಳುವ ಒಬ್ಬ ಹೆಣ್ಣುಮಗಳನ್ನು ಎದುರಿಗೆ ಕೂರಿಸಿ. ಏನೂ ಆಗದಿರುವಾಗಲೇ ದೂರು ದಾಖಲಿಸಿ ಅವನನ್ನು ಹುಡುಕಿ. ಮುಂದಿನ ಜಾಗೃತಿ ಫ್ಲೆಕ್ಸನ್ನು ನಾನು ಪುಕ್ಕಟೆ ಮಾಡಿಕೊಡುತ್ತೇನೆ, ತಮ್ಮ ಮುಖ ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದಾಗಿ. ಶ್ರದ್ಧಾಂಜಲಿ ಮಾಡಿ ಮಾಡಿ ನನ್ನ ಕೈ ಪಳಗಿದೆ, ಸ್ವಾಮಿ. ಆದರೆ ಈ ಮಕ್ಕಳ ಫೋಟೊ ಇಟ್ಟು ಅಂಥದ್ದೊಂದು ಮಾಡು ಎಂದರೆ ನನ್ನ ಕೈಯಲ್ಲಿ ಆಗುವುದಿಲ್ಲ.

ಇಂತಿ,
ಇನ್ನೂ ಏನೂ ಆಗಿಲ್ಲದ ಹುಡುಗಿಯ ಸೋದರಮಾವ,
ಚಲುವರಾಜು
ಫ್ಲೆಕ್ಸ್ ಅಂಗಡಿ, ಕೆ.ಆರ್.ಪೇಟೆ